ಕುಸುಬಿಯ ಬುತ್ತಿ ದಾರಿಯಲ್ಲೇ ಮುಗಿಯುತ್ತಿತ್ತು

ಹೋದ ಹಿಂಗಾರಿಯಲ್ಲಿ ನನ್ನ ಕುಸುಬಿ ಸಾಲುಗಳಲ್ಲಿ ಸಂದು ಬೀಳಲಿಲ್ಲ. ಆಳಂದದ ಕಡೆ ನಮ್ಮದು ನಾಲ್ಕು ಎಕರೆ ಎರೆ ಹೊಲ. ಬಂದು ನೋಡಿದವರಿಗೆ ಗೊತ್ತು. ಬೀಜ ನೆನೆಸಿ ಎರಡೇ ಇಂಚು ಆಳಕ್ಕೆ ಬಿತ್ತುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು, "ತಮ್ಮಾ, ನೆನಿಸಿದ್ ಬೀಜ ಪಲ್ಯಾ ಮಾಡ್ಲಿಕ್ಕೇನೋ?" ಅಂದಿದ್ದರು.

ನಮ್ಮಲ್ಲಿ ಪದ್ಧತಿ ಏನು? ಮಣ್ಣಿನ ಹಸಿ ಕೆಳಗಿಳಿದರೆ ಬಿತ್ತುವ ಕೂರಿಗೆಯನ್ನೂ ಕೆಳಗಿಳಿಸು. ಅಪ್ಪ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದೆ. ಮೂರು ವರ್ಷ ಅರ್ಧಕ್ಕರ್ಧ ಬೀಜ ಮೇಲೇಳಲಿಲ್ಲ. ಬೀಜ ಸರಿ ಇಲ್ಲ ಅಂತ ಅಂಗಡಿಯವನ ಜೊತೆ ಜಗಳವಾಡಿದೆ. ಎರಡನೇ ವರ್ಷ ಮತ್ತೆ ಬಿತ್ತಿದೆ. ಬೀಜ, ಎತ್ತಿನ ಬಾಡಿಗೆ, ಆಳು ಸೇರಿ ನಾಲ್ಕೈದು ಸಾವಿರ ಮಣ್ಣುಪಾಲು.

ತಲೆಗೆ ಹೊಳೆದದ್ದು ಹೊಲದಲ್ಲಲ್ಲ, ಗಾಣದಲ್ಲಿ. ಒಂದು ಸಲ ರಾಶಿ ಮಾಡುವಾಗ ಮಳೆ ಬಂತು. ಕಣದ ಅಂಚಿನಲ್ಲಿದ್ದ ಚೀಲ ನೆನೆದು ಒಳಗೇ ಮೊಳಕೆ ಬಂತು. ಚೆಲ್ಲಲು ಮನಸ್ಸಾಗದೆ ಒಣಗಿಸಿ ಗಾಣಕ್ಕೆ ಒಯ್ದೆ. ನಮ್ಮ ಕುಸುಬಿ 10 ಕೆಜಿಗೆ ಎರಡೂವರೆ ಕೆಜಿ ಎಣ್ಣೆ ಕೊಡುತ್ತದೆ. ಅವತ್ತು ಒಂದು ಕೆಜಿ ದಾಟಿದ್ದೇ ಕಷ್ಟ. ಗಾಣದವನು ನನ್ನ ಮುಖ ನೋಡಿದ, ನಾನು ಅವನ ತಕ್ಕಡಿ ನೋಡಿದೆ. ಎಣ್ಣೆ ಕದ್ದದ್ದು ಅವನಲ್ಲ, ಮೊಳಕೆ.

ಅಂದರೆ ಬೀಜದೊಳಗಿನ ಎಣ್ಣೆ ಸಸಿಯ ಬುತ್ತಿ. ಎಲೆ ಹಸಿರಾಗಿ ಬಿಸಿಲು ಕಾಣುವ ತನಕ ಅದನ್ನೇ ಉಣ್ಣಬೇಕು. ನಾಲ್ಕೈದು ಇಂಚು ಕೆಳಗೆ ಹಾಕಿದರೆ ಮೇಲೆ ಬರುವ ತನಕ ಅದು ಸಾಕಾಗುತ್ತದಾ?

ಹಳೇ ಬಣ್ಣದ ಡಬ್ಬಿಗಳಿಗೆ ತೂತು ಹೊಡೆದು, ನಮ್ಮದೇ ಎರೆ ಮಣ್ಣು ತುಂಬಿ, ಎರಡು, ನಾಲ್ಕು, ಆರು ಬೆರಳು ಆಳಕ್ಕೆ ಬೀಜ ಹಾಕಿದೆ. ಎರಡು ಬೆರಳಿನವು ಆರನೇ ದಿನಕ್ಕೆ ಹೊರಗೆ. ಆರು ಬೆರಳಿನವು ಬರಲೇ ಇಲ್ಲ. ಎಂಟನೇ ದಿನ ಅಗೆದು ನೋಡಿದೆ. ಬಿಳೀ ದಾರದಂತೆ ಕಾಂಡ ಎಳೆದುಕೊಂಡು ಬಂದಿದೆ. ಮೇಲಿನ ಗಟ್ಟಿ ಮಣ್ಣಿನ ಹೆಪ್ಪು ತಾಗಿ ಅಲ್ಲೇ ಕೊಕ್ಕೆಯಾಗಿ ಬಾಗಿದೆ. ಬೇಳೆ ಎರಡೂ ಸುಕ್ಕಾಗಿ, ಹಿಸುಕಿದರೆ ನೀರು ಮಾತ್ರ.

ಆಗ ಮಗಳ ನೋಟ್‌ಬುಕ್ಕಿನ ಹಾಳೆ ಹರಿದೆ. ದಿನಾ ಒಂದು ಸಸಿಯ ಬೇಳೆ ಕಾಗದದ ಮೇಲೆ ಅರೆದು ನೆರಳಲ್ಲಿ ಒಣಗಿಸುವುದು. ನೀರಿನ ಕಲೆ ಆರಿ ಹೋಗುತ್ತದೆ, ಎಣ್ಣೆ ಕಲೆ ಉಳಿಯುತ್ತದೆ. ಒಣ ಬೀಜದ್ದು ರೂಪಾಯಿ ನಾಣ್ಯದಷ್ಟು ಕಲೆ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣಬೇಕು. ನಾಲ್ಕನೇ ದಿನ ಅದರ ಅರ್ಧ. ಎಂಟನೇ ದಿನ ಹುಡುಕಬೇಕು. ಸುಮ್ನೆ ಜೋಳವನ್ನೂ ಅರೆದೆ. ಕಲೆ ಬಿತ್ತು ಅಂತ ಹೇಳಲಿಕ್ಕೂ ಆಗದು. ಅದರ ಬುತ್ತಿ ಹಿಟ್ಟು.

ಬಿ.ಎಸ್‌ಸಿ ಓದುವ ಮಗಳು ಹಾಳೆ ಹರಿದದ್ದಕ್ಕೆ ಬೈದು, ಆಮೇಲೆ ಹೇಳಿದಳು, "ಅಪ್ಪಾ, ಎಣ್ಣಿ ಇದ್ದಂಗ ಬೇರಿಗಿ ಹೋಗಂಗಿಲ್ಲ. ಮದ್ಲ ಸಕ್ರಿ ಆಗ್ಬೇಕು." ಈ ದಾರಿಯನ್ನು 1957ರಲ್ಲಿ ಕೋರ್ನ್‌ಬರ್ಗ್ ಮತ್ತು ಬೀವರ್ಸ್ ಅನ್ನುವ ವಿಜ್ಞಾನಿಗಳು ಔಡಲ ಬೀಜದಲ್ಲಿ ಹಿಡಿದು ತೋರಿಸಿದರಂತೆ. ನನಗೆ ಕೆಲಸಕ್ಕೆ ಬಂದದ್ದು ಅವಳ ಇನ್ನೊಂದು ಮಾತು. ಎಣ್ಣೆ ಕರಗಿಸಲು ಗಾಳಿ ಜಾಸ್ತಿ ಬೇಕು, ಅಷ್ಟೇ ತೂಕದ ಸಕ್ಕರೆಗಿಂತ ಎರಡು ಪಟ್ಟಿಗೂ ಮೇಲೆ. ಅದು ಅರ್ಥವಾಗಲು ನಾನು ಒಂದು ಡ್ರಮ್ ಬೀಜ ಕೊಲ್ಲಬೇಕಾಯಿತು.

ಮೇಲೆ ಬಿತ್ತಿದರೆ ಹಸಿ ಬೇಗ ಆರುತ್ತದೆ, ಅದಕ್ಕೇ ಬೀಜ ಮೊದಲೇ ನೆನೆಸಿ ಬಿತ್ತಲು ಹೊರಟ ಮೊದಲ ವರ್ಷ ಅದು. ರಾತ್ರಿ ನೆನೆಹಾಕಿದೆ, ಬೆಳಿಗ್ಗೆ ಕೂರಿಗೆಯ ತಾಳು ಮುರಿಯಿತು. ಬಡಿಗನನ್ನು ಹುಡುಕುವಷ್ಟರಲ್ಲಿ ಮರುದಿನ ಮಧ್ಯಾಹ್ನ. ಮುಚ್ಚಳ ತೆಗೆದರೆ ಹುಳಿ ವಾಸನೆ. 16 ಕೆಜಿ ಬೀಜ ಉಸಿರುಗಟ್ಟಿ ಸತ್ತಿತ್ತು. ಕಾಕಾ ಅದನ್ನು ಊರೆಲ್ಲ ಸಾರಿದರು.

ಈಗ ನಾನು ಮಾಡುವುದು ಇಷ್ಟು. ಸಂಜೆ ನೆನೆಹಾಕಿ ಬೆಳಿಗ್ಗೆ ತೆಗೆಯುತ್ತೇನೆ, 12 ತಾಸಿನ ಆಸುಪಾಸು. ನೆರಳಲ್ಲಿ ಗೋಣಿಚೀಲದ ಮೇಲೆ ತೆಳ್ಳಗೆ ಹರಡುತ್ತೇನೆ. ಕಾಳು ಕಾಳಿಗೆ ಅಂಟದಂತಾದಾಗ ಒಲೆಯ ಬೂದಿ ಸವರಿ ಎರಡು ಇಂಚಿಗೆ ಬಿತ್ತುವುದು. ಮಳೆಯಾದ ಮೇಲೆ ಹೊಲ ಕಾಲಿಗೆ ಅಂಟದ ದಿನವೇ ಕೂರಿಗೆ ಹೂಡಬೇಕು, ಹಸಿ ಕೆಳಗಿಳಿಯುವ ತನಕ ಕಾಯಬಾರದು. ನೀರಿನಿಂದ ತೆಗೆಯುವ ಸರಿಯಾದ ಹೊತ್ತನ್ನು ನಾನು ಕಾಳು ಕಚ್ಚಿ ತಿಳಿಯುತ್ತೇನೆ. ಹಲ್ಲಿಗೆ ಹೇಗೆ ಸಿಗಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದಕ್ಕೆ ನಾನು ಒಂದು ಡ್ರಮ್ ಬೆಲೆ ಕೊಟ್ಟಿದ್ದೇನೆ.

ಹಳೇ ಬೀಜಕ್ಕೆ ಇದೆಲ್ಲ ದಂಡ. ಅರೆದಾಗ ಕಮಟು ವಾಸನೆ ಬಂದರೆ ಬುತ್ತಿಯೇ ಕೆಟ್ಟಿದೆ ಅಂತ. ಹಾಳೆ ಮೇಲೆ ಕಲೆ ದೊಡ್ಡದೇ ಬೀಳುತ್ತದೆ, ಅದನ್ನು ನಂಬಿ ಎರಡು ಸೇರು ಹಾಳು ಮಾಡಿಕೊಂಡೆ. ಮೂಗನ್ನು ನಂಬಬೇಕು.

ಮೊದಲು ಎಕರೆಗೆ ಎರಡೂವರೆ ಕ್ವಿಂಟಲ್ ಬಂದರೆ ಹಬ್ಬ. ಈ ಸಲ ನಾಲ್ಕು ದಾಟಿತು. ಮಳೆ ಚೆನ್ನಾಗಿತ್ತು, ಒಪ್ಪುತ್ತೇನೆ. ಅದೇ ಮಳೆ ಕಾಕಾನ ಹೊಲಕ್ಕೂ ಬಿದ್ದಿತ್ತು, ಅಲ್ವಾ?

ಹುಮ್ಮಸ್ಸಿನಲ್ಲಿ ಅಗಸಿಯನ್ನೂ ನೆನೆಸಿದೆ. ಅದು ಲೋಳೆ ಬಿಟ್ಟು ಬಕೆಟ್ಟಿನಲ್ಲಿ ಒಂದೇ ಮುದ್ದೆಯಾಯಿತು. ಬೂದಿ ಹಾಕಿದರೆ ಬೂದಿಯೂ ಅದಕ್ಕೇ ಅಂಟಿತು. ಕೂರಿಗೆ ಬಟ್ಟಲಿಗೆ ಸುರಿಯಲು ಹೋದರೆ ಇಳಿಯಲೊಲ್ಲದು. ಕೊನೆಗೆ ಎಮ್ಮೆಗೆ ಹಾಕಿದೆ.