ಮಗಳ ಮದುವೆಗೆ ನಾನೇ ಟಂಕಿಸಿದ ಬೆಳ್ಳಿ ಬಿಲ್ಲೆಗಳು

ಸಾಗರದ ನಮ್ಮ ಅಂಗಡಿಗೆ ಹಳೆಯ ಮನೆತನದವರೊಬ್ಬರು ದೇವರ ಪೆಟ್ಟಿಗೆಯಲ್ಲಿದ್ದ ಇಕ್ಕೇರಿ ವರಹವೆಂಬ ಹಳೆಯ ಚಿನ್ನದ ನಾಣ್ಯವನ್ನು ತೂಕ ನೋಡಲು ತಂದಿದ್ದರು. 3.4 ಗ್ರಾಂ ತೂಗಿತು. ಒಂದು ಮುಖದಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’. ಕೆಳದಿ ನಾಯಕರ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದ ಮೇಲೂ ವರಹಕ್ಕೆ ಇಕ್ಕೇರಿಯ ಹೆಸರೇ ಉಳಿಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯೂ ಶಿವಪಾರ್ವತಿಯರನ್ನು ಕದಲಿಸದೆ, ಹಿಂಬದಿಗೆ ಮಾತ್ರ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ಹಾಕಿಸಿದ. ಅವರು ತಂದ ವರಹವನ್ನು ಮಸೂರದ ಕೆಳಗಿಟ್ಟು ನೋಡಿದರೆ ಅಕ್ಷರದ ತುದಿ ಅಂಚಿನಾಚೆ ಹೋಗಿ ಕಾಣೆಯಾಗಿತ್ತು. ಅಂದರೆ ಅಚ್ಚು ಬಿಲ್ಲೆಗಿಂತ ದೊಡ್ಡದಿತ್ತು. ಕೈಯಿಂದ ಹೊಡೆದದ್ದರ ಗುರುತು ಅದು. ಮಗಳ ಮದುವೆಯಲ್ಲಿ ತಾಂಬೂಲದ ಜೊತೆ ಕೊಡಲು ಅಷ್ಟೇ ಗಾತ್ರದ ಬೆಳ್ಳಿ ಬಿಲ್ಲೆಗಳನ್ನು ನಾನೇ ಟಂಕಿಸಬೇಕೆಂದು ಅಂದೇ ತೀರ್ಮಾನಿಸಿದೆ. ಚಲಾವಣೆಯ ನಾಣ್ಯವನ್ನು ನಕಲು ಮಾಡುವುದು ಅಪರಾಧ. ಹಾಗಾಗಿ ಚಿತ್ರ ನನ್ನದೇ: ಒಂದು ಕಡೆ ಅಡಿಕೆ ಗೊನೆ, ಇನ್ನೊಂದು ಕಡೆ ‘ಶ್ರೀ’.

ಅಚ್ಚಿಗೇ ಒಂದು ತಿಂಗಳು ಹೋಯಿತು. ಉಕ್ಕಿನ ಸಲಾಕೆಯ ಎರಡು ತುಂಡುಗಳನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ನಿಧಾನವಾಗಿ ತಣಿಸಿದರೆ ಉಳಿಗೆ ಬಗ್ಗುವಷ್ಟು ಮೆತ್ತಗಾಗುತ್ತದೆ. ನಾಣ್ಯದಲ್ಲಿ ಉಬ್ಬಿ ಕಾಣಬೇಕಾದದ್ದನ್ನು ಅಚ್ಚಿನಲ್ಲಿ ತಗ್ಗಾಗಿ, ಎಡಬಲ ತಿರುಗಿಸಿ ಕೊರೆಯಬೇಕು. ‘ಶ್ರೀ’ಯನ್ನು ಕನ್ನಡಿಯಲ್ಲಿ ನೋಡಿಕೊಂಡೇ ಕೊರೆದೆ. ಕೊರೆದಾದ ಮೇಲೆ ಉಕ್ಕಿಗೆ ಮತ್ತೆ ಗಡಸುತನ ಕೊಡಬೇಕು. ಮೊದಲ ಅಚ್ಚನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಟಣ್ ಎಂದು ಅಡ್ಡಲಾಗಿ ಬಿರುಕು ಬಿಟ್ಟು, ಹತ್ತು ದಿನದ ಕೆಲಸ ಹಾಳಾಯಿತು. ಎರಡನೆಯದನ್ನು ಎಣ್ಣೆಯಲ್ಲಿ ಅದ್ದಿ, ಮೈ ಉಜ್ಜಿ ಹೊಳಪು ತಂದು, ಒಣಹುಲ್ಲಿನ ಬಣ್ಣ ಮೂಡುವವರೆಗೆ ಮತ್ತೆ ಸಣ್ಣಗೆ ಕಾಯಿಸಿದೆ. ಅದು ನಿಂತಿತು.

ಬಿಲ್ಲೆಯ ತೂಕದಲ್ಲಿಯೂ ಪಾಠ ಕಲಿತೆ. ವರಹದ 3.4 ಗ್ರಾಂ ತೂಕವನ್ನೇ ಬೆಳ್ಳಿಗೆ ಹಿಡಿದಾಗ ಬಿಲ್ಲೆ ಹೆಚ್ಚುಕಡಿಮೆ ಎರಡು ಪಟ್ಟು ದಪ್ಪವಾಯಿತು. ಚಿನ್ನ ಅಷ್ಟು ಭಾರದ ಲೋಹವೆಂದು ಬಾಲ್ಯದಿಂದ ಗೊತ್ತಿದ್ದರೂ ಕಣ್ಣಿಗೆ ಹೀಗೆ ಕಂಡಿರಲಿಲ್ಲ. ಲೆಕ್ಕ ಹಾಕಿ 1.85 ಗ್ರಾಂಗೆ ಇಳಿಸಿದೆ. ಮೊದಲು ತೂಗಿ ಆಮೇಲೆ ಕರಗಿಸುವುದೇ ಸರಿಯಾದ ಕ್ರಮ. ಟಂಕಿಸಿದ ಮೇಲೆ ಅರದಿಂದ ಉಜ್ಜಿ ತೂಕ ಸರಿಮಾಡಿದರೆ ನಾಣ್ಯದ ಮಾನ ಹೋಗುತ್ತದೆ.

ಇದ್ದಿಲಿನಲ್ಲಿ ಸಣ್ಣ ಕುಳಿ ತೋಡಿ, ಬೆಳ್ಳಿ ಚೂರುಗಳಿಗೆ ಚಿಟಿಕೆ ಬಿಳಿಗಾರ ಉದುರಿಸಿ, ಊದುಕೊಳವೆಯಿಂದ ಉರಿ ಹಾಯಿಸಿದೆ. 961 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಚೂರುಗಳೆಲ್ಲ ಒಂದಾಗಿ, ನಡುಗುವ ಗುಂಡಾಗಿ ನಿಲ್ಲುತ್ತವೆ. ಕರಗಿದ ಬೆಳ್ಳಿ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡಿರುತ್ತದೆ, ಗಟ್ಟಿಯಾಗುವಾಗ ಅದನ್ನು ಉಗುಳುತ್ತದೆ. ಮೈಮೇಲೆ ಗುಳ್ಳೆ ಎದ್ದರೆ ಆ ಗುಂಡನ್ನು ಮತ್ತೆ ಕರಗಿಸಲೇಬೇಕು. ಒಳ್ಳೆಯ ಗುಂಡನ್ನು ಅಡಿಗಲ್ಲಿನ ಮೇಲೆ ತಟ್ಟಿ ಬಿಲ್ಲೆ ಮಾಡಿದೆ. ತಟ್ಟಿದಷ್ಟೂ ಬೆಳ್ಳಿ ಬಿರುಸಾಗುವುದರಿಂದ ನಡುನಡುವೆ ಮಸುಕು ಕೆಂಪಾಗುವವರೆಗೆ ಕಾಯಿಸಿ ಹದಕ್ಕೆ ತರಬೇಕು. ಬಿಸಿಲಿನಲ್ಲಿ ಆ ಮಸುಕು ಕೆಂಪು ಕಾಣುವುದಿಲ್ಲ. ಅಂಗಡಿಯ ಬಾಗಿಲು ಮುಚ್ಚಿ ಕತ್ತಲು ಮಾಡಿಕೊಂಡೆ. ಕೊನೆಗೆ ಹುಣಸೆಹುಳಿಯಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ಉಜ್ಜಿ ತೊಳೆದೆ.

ಕೆಳಗಿನ ಅಚ್ಚನ್ನು ಮತ್ತಿಯ ದಿಮ್ಮಿಯಲ್ಲಿ ಅಲುಗದಂತೆ ಕೂರಿಸಿ, ಮೇಲಿನದನ್ನು ನನ್ನ ತಮ್ಮ ಇಕ್ಕಳದಲ್ಲಿ ಹಿಡಿದ. “ಅಣ್ಣಾ, ಒಂದೇ ಪೆಟ್ಟು” ಎಂದ. ನನಗೆ ಧೈರ್ಯ ಸಾಲದೆ ಎರಡು ಹೊಡೆದೆ. ನಡುವೆ ಅಚ್ಚು ಕೂದಲೆಳೆಯಷ್ಟು ಸರಿದು ಅಡಿಕೆಗಳೆಲ್ಲ ಜೋಡಿಯಾಗಿ ಮೂಡಿದವು. ಮುಂದಿನದಕ್ಕೆ ಭಾರದ ಸುತ್ತಿಗೆ ಹಿಡಿದು, ಭುಜದಿಂದಿಳಿಸಿ, ಒಂದೇ ಪೆಟ್ಟು ಹಾಕಿದೆ. ಗೊನೆಯ ಎಳೆ ಎಳೆಯೂ ಎದ್ದು ಬಂತು. ಅಂಚು ಮಾತ್ರ ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಥರ. ಸರ್ಕಾರಿ ಟಂಕಸಾಲೆಯ ಯಂತ್ರಗಳಲ್ಲಿ ಬಿಲ್ಲೆಯ ಸುತ್ತ ಉಕ್ಕಿನ ಬಳೆಯಿರುತ್ತದೆ, ಲೋಹ ಪಕ್ಕಕ್ಕೆ ಹರಿಯಲು ಬಿಡುವುದಿಲ್ಲ. ನನ್ನ ಬೆಳ್ಳಿ ತನಗೆ ದಾರಿ ಸಿಕ್ಕ ಕಡೆ ಹರಿಯಿತು. ಆ ವರಹದಲ್ಲಿಯೂ ಹಾಗೆಯೇ ಹರಿದಿತ್ತು.

ಸುತ್ತಿಗೆಯ ಏಟು ನೇರವಾಗಿ ತಿನ್ನುವುದು ಮೇಲಿನ ಅಚ್ಚೇ. ನಲವತ್ತೊಂದನೆಯ ಬಿಲ್ಲೆಗೆ ಅದರ ಅಂಚು ಸಿಡಿಯಿತು. ನಲವತ್ತನ್ನು ಹಂಚಿದೆವು. ಜೋಡಿ ಅಡಿಕೆಯ ಬಿಲ್ಲೆಯನ್ನು ಮಗಳು ತನಗೇ ಬೇಕೆಂದು ಕೇಳಿ ಇಟ್ಟುಕೊಂಡಿದ್ದಾಳೆ.