ಅಮಾಸೆ ಮಧ್ಯರಾತ್ರಿ ಬಳಚು ಸಿಗುವುದಿಲ್ಲ

ನಮ್ಮದು ಕುಮಟಾ ತಾಲೂಕು, ಅಘನಾಶಿನಿ ಹೊಳೆ ದಂಡೆಯ ಊರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೇನೆ. ಬ್ಲೌಸ್ ಹೊಲಿಯುವುದು ಹೊಟ್ಟೆಪಾಡು, ಕತೆ ಬರೆಯುವುದು ಚಟ. ಬರೆದದ್ದನ್ನು ಯಾರಿಗಾದರೂ ಓದಿ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಮಳೆಗಾಲದ ಸಂಜೆಗಳಲ್ಲಿ ನಮ್ಮ ಜಗಲಿಯಲ್ಲಿ ಕತೆ ಓದುವ ಕೂಟ ಶುರುವಾದದ್ದು ಈ ಚಟದಿಂದಲೇ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಆಗ ಊರಲ್ಲಿ ಬಲೆ ರಿಪೇರಿ ಬಿಟ್ಟರೆ ಬೇರೆ ಕೆಲಸ ಕಡಿಮೆ. ಬಟ್ಟೆ ಹೊಲಿಸುವವರೂ ಕಡಿಮೆ. ಜಗಲಿ ತುಂಬಲು ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ.

ಮೊದಲ ವರ್ಷ ನಾನು ಮಾಡಿದ್ದೆಲ್ಲ ತಪ್ಪು. ಕತೆಗಳನ್ನು ಝೆರಾಕ್ಸ್ ಮಾಡಿಸಿ ಹಂಚಿದೆ. ಓದಿಕೊಂಡು ಬನ್ನಿ, ಮುಂದಿನ ವಾರ ಮಾತಾಡೋಣ ಅಂದೆ. ಇಬ್ಬರು ಓದಿದರು. ಉಳಿದವರು ಚಾ ಕುಡಿದು ಹೋದರು. ‘ಕತೆ ಹೇಗಿತ್ತು?’ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಚಲೋ ಅದೆ.’ ನಮ್ಮ ಕಡೆ ‘ಚಲೋ ಅದೆ’ ಅಂದರೆ ಮಾತು ಮುಗಿಯಿತು ಅಂತ ಅರ್ಥ. ಸಾರಿಗೂ ಅದೇ, ಸಂಬಂಧಕ್ಕೂ ಅದೇ.

ಹಾಗಾಗಿ ಝೆರಾಕ್ಸ್ ಬಿಟ್ಟು ಗಟ್ಟಿಯಾಗಿ ಓದತೊಡಗಿದೆ. ನಿಧಾನಕ್ಕೆ ಓದಿದರೆ ನಿಮಿಷಕ್ಕೆ ಸುಮಾರು 100 ಪದ ಆಗುತ್ತದೆ. 2,500 ಪದದ ಕತೆಗೆ 25 ನಿಮಿಷ ಸಾಕು. ಅದಕ್ಕಿಂತ ಉದ್ದ ಆದರೆ ಹಿಂದಿನ ಸಾಲಿನಲ್ಲಿ ಮೊಬೈಲ್ ಬೆಳಕು ಕಾಣುತ್ತದೆ.

ಪ್ರಶ್ನೆ ಕೇಳುವುದನ್ನು ಕಲಿಸಿದ್ದು ಬೇತಾಳ. ಬೆನ್ನ ಮೇಲೆ ಕೂತು ಅಷ್ಟೊಂದು ಕತೆ ಹೇಳಿದ ಅವನು ಒಮ್ಮೆಯಾದರೂ ವಿಕ್ರಮನಿಗೆ ‘ಕತೆ ಹೇಗಿತ್ತು’ ಅಂತ ಕೇಳಿದನೇ? ಇವರಲ್ಲಿ ಯಾರು ದೊಡ್ಡವರು, ತಪ್ಪು ಯಾರದು ಅಂತ ಕೇಳಿದ. ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳು! ನಮ್ಮ ಜಗಲಿಯಲ್ಲಿ ತಲೆ ಹೋಳಾಗುವುದಿಲ್ಲ, ಆದರೆ ಪ್ರಶ್ನೆ ಅದೇ ಜಾತಿಯದು. ಕೊನೆಯ ಪುಟಕ್ಕೆ ಮುಂಚೆ ನಿಲ್ಲಿಸಿ, ‘ಈಗ ಇವಳು ಬಾಗಿಲು ತೆಗೀಬೇಕೋ ಬೇಡವೋ?’ ಅಂತ ಕೇಳುತ್ತೇನೆ. ಮೊದಲು ಮಾತಾಡಬೇಕಾದವರು ಎಲ್ಲರಿಗಿಂತ ಚಿಕ್ಕವರು. ಹಿರಿಯರು ಮೊದಲು ಬಾಯಿ ಬಿಟ್ಟರೆ ಉಳಿದವರದು ಬರೀ ತಲೆ ಅಲ್ಲಾಡಿಸುವ ಕೆಲಸ. ‘ಚಲೋ’ ಅನ್ನುವ ಪದಕ್ಕೆ ಪೂರ್ತಿ ನಿಷೇಧ. ಅದೂ 61 ದಿನ.

ಒಂದು ವಿಷಯ ನಿಧಾನಕ್ಕೆ ಗೊತ್ತಾಯಿತು. ಹನೇಹಳ್ಳಿ ನಮಗೆ ದೂರವಲ್ಲ. 1928ರಲ್ಲಿ ಅಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಇದ್ದುಕೊಂಡೇ ಆ ಊರಿನ ಕತೆಗಳನ್ನು ಬರೆದರು. ಅಂಥ ಕತೆ ಓದಿದರೆ ನಮ್ಮವರು ಕತೆಯನ್ನು ಬಿಟ್ಟು ಮನೆ ಹುಡುಕಲು ಹೊರಡುತ್ತಾರೆ. ‘ಇದು ಯಾರ ಮನೆ ಸುದ್ದಿ? ಬಾವಿ ಹತ್ರದ್ದೋ?’ ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ದೆವ್ವ, ಮಾಯೆ, ಹಾರುವ ಕುದುರೆಯ ಕತೆ ಓದಿದಾಗ ಮನೆ ಹುಡುಕುವ ಹಾಗಿಲ್ಲ ಅಲ್ವಾ? ಆಗ ಅವರು ಕತೆಯನ್ನೇ ಹಿಡಿದು ಜಗ್ಗುತ್ತಾರೆ.

ಕಾಲೇಜಿಗೆ ಹೋಗುವ ಹುಡುಗನೊಬ್ಬ ಬೆಂಕಿ ಉಗುಳುವ ಹಾವಿನ ಕತೆ ಬರೆದು ತಂದಿದ್ದ. ಬೆಂಕಿಯ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ಮೀನು ಮಾರುವ ಅಕ್ಕ ಕೇಳಿದ್ದು ಒಂದೇ: ‘ಅಷ್ಟು ದೊಡ್ಡ ಹಾವು ದಿನಾ ಎಂತ ತಿಂತದೆ?’ ಹುಡುಗ ಪೆಚ್ಚಾದ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದ ಜನ ಇವರು. ಬಣ್ಣದ ವೇಷ ಅಬ್ಬರಿಸಿಕೊಂಡು ಬಂದರೆ ರಾಕ್ಷಸ ಇದ್ದಾನೋ ಇಲ್ಲವೋ ಅಂತ ಕೇಳುವವರಲ್ಲ. ಆದರೆ ತಾಳ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ.

ಇದು ನನಗೇ ಬಡಿದದ್ದು ಮೂರನೇ ವರ್ಷ. ನನ್ನದೇ ಒಂದು ಕತೆ ಓದಿದೆ, ಯಾರದು ಅಂತ ಹೇಳಲಿಲ್ಲ. ಅಮಾಸೆಯ ಮಧ್ಯರಾತ್ರಿ ನಲವತ್ತು ವರ್ಷದ ಹೆಂಗಸೊಬ್ಬಳು ಬುಟ್ಟಿ ಹಿಡಿದು ಹೊಳೆಗೆ ಬಳಚು, ಅಂದರೆ ಕೆಸರಿನಲ್ಲಿ ಸಿಗುವ ಚಿಪ್ಪುಮೀನು, ಆರಿಸಲು ಇಳಿಯುತ್ತಾಳೆ. ಮೊಣಕಾಲು ಮಟ್ಟದ ನೀರಿನಲ್ಲಿ, ಹಿಂದೆ ಮುಳುಗಿ ಸತ್ತ ಅವಳ ಅಕ್ಕ ಎದುರಾಗುತ್ತಾಳೆ. ಇಬ್ಬರೂ ಮಾತಾಡುತ್ತಾರೆ. ಕೋಳಿ ಕೂಗುತ್ತದೆ, ಅಕ್ಕ ಮಾಯ.

ದೋಣಿ ನಡೆಸಿ ವಯಸ್ಸಾದ ಒಬ್ಬ ಅಜ್ಜ ಇದ್ದಾರೆ. ಸಾಮಾನ್ಯವಾಗಿ ಮಾತೇ ಆಡುವುದಿಲ್ಲ. ಅವರು ಕವಳ ಉಗುಳಿ ಬಂದು ಕೂತರು.

‘ತಂಗೀ, ಅಮಾಸೆ ಮಧ್ಯರಾತ್ರಿಗೆ ಹೊಳೆ ತುಂಬಿರ್ತದೆ. ಬಳಚು ಎಲ್ಲಿ ಸಿಗ್ತದೆ?’

ಹೌದಲ್ಲ! ಅಮಾಸೆ, ಹುಣ್ಣಿಮೆಗೆ ನಮ್ಮಲ್ಲಿ ಭರತ, ಅಂದರೆ ಸಮುದ್ರದ ಉಬ್ಬರ, ಹೊಳೆಗೆ ಏರುವುದು ಹಗಲೂ ರಾತ್ರಿಯೂ 11, 12 ಗಂಟೆ ಆಸುಪಾಸಿಗೆ. ನೀರು ಇಳಿದು ಕೆಸರು ಕಾಣುವುದು ಬೆಳಿಗ್ಗೆ, ಸಂಜೆ 5, 6ಕ್ಕೆ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದರೆ ಅಮಾಸೆಯ ಲೆಕ್ಕ ಅಷ್ಟೇ. ಹೊಳೆ ದಂಡೆಯಲ್ಲಿ ಹುಟ್ಟಿ ಬೆಳೆದ ನಾನು ಬರೆಯುವಾಗ ಸುಮ್ನೆ ‘ಅಮಾಸೆ, ಮಧ್ಯರಾತ್ರಿ’ ಅಂದುಬಿಟ್ಟಿದ್ದೆ. ದೆವ್ವದ ಕತೆಗೆ ಹಾಗಿರಬೇಕು ಅಂತ ಯಾರೋ ಹೇಳಿಟ್ಟ ಹಾಗೆ.

ಅಷ್ಟಕ್ಕೇ ಬಿಡಲಿಲ್ಲ. ಮೀನು ಮಾರುವ ಅಕ್ಕ ಕೇಳಿದರು, ‘ಅಕ್ಕ ಸಾಯೂವಾಗ ಎಷ್ಟು ವರ್ಷ?’

‘ಹತ್ತೊಂಬತ್ತು.’

‘ಸತ್ತವರಿಗೆ ವಯಸ್ಸು ಏರೂದಿಲ್ಲ. ಇವಳಿಗೆ ನಲವತ್ತು. ಹಾಗಾದ್ರೆ ಈಗ ಅಕ್ಕ ಯಾರು?’

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಹಂಚಿನ ಮೇಲೆ ಮಳೆ ಹೊಡೆಯುವ ಸದ್ದು ಮಾತ್ರ. ನಾನು ಆ ಪ್ರಶ್ನೆಯನ್ನು ಅಳತೆ ಬರೆಯುವ ಪುಸ್ತಕದಲ್ಲಿ, ಯಾರದೋ ಸೊಂಟದ ಸುತ್ತಳತೆಯ ಕೆಳಗೆ ಬರೆದುಕೊಂಡೆ. ಆ ಹಾಳೆ ಈಗಲೂ ಇದೆ.

ಮತ್ತೆ ಬರೆಯಲು ಎರಡು ವಾರ ಹಿಡಿಯಿತು. ಮಧ್ಯರಾತ್ರಿಯನ್ನು ಬೆಳಗಿನ ಜಾವ ಐದು ಗಂಟೆಗೆ ತಂದೆ. ಹಾಗೆ ತಂದ ಮೇಲೆ ಕೋಳಿ ಬೇಕಾಗಲೇ ಇಲ್ಲ. ಒಂದು ಕಡೆಯಿಂದ ಬೆಳಕು ಬರುತ್ತಿದೆ, ಇನ್ನೊಂದು ಕಡೆಯಿಂದ ನೀರು ತಿರುಗಿ ಏರುತ್ತಿದೆ. ಇಬ್ಬರಿಗೂ ಉಳಿದ ಹೊತ್ತು ಸ್ವಲ್ಪವೇ. ಮೊದಲು ಅವರು ಹಳೆಯ ಜಗಳ, ಅಪ್ಪನ ಸುದ್ದಿ ಅಂತ ಎರಡು ಪುಟ ಮಾತಾಡುತ್ತಿದ್ದರು. ಅದನ್ನೆಲ್ಲ ಕತ್ತರಿಸಿದೆ. ಹೊಲಿಗೆಯವಳಿಗೆ ಕತ್ತರಿ ಹಾಕಲು ಸಂಕಟವಿಲ್ಲ ಅಂದುಕೊಳ್ಳಬೇಡಿ, ಬಟ್ಟೆ ಬೇರೆಯವರದು, ಇದು ನನ್ನದು. ಈಗ ಸತ್ತ ಹುಡುಗಿ ಕೆಸರಿನಲ್ಲಿ ನಿಂತು, ನರೆತ ಕೂದಲಿನ ತನ್ನ ತಂಗಿಯನ್ನು ನೋಡಿ, ಗುರುತು ಸಿಗದೆ ‘ಅಕ್ಕೋ, ಇಲ್ಲಿ ನನ್ನ ತಂಗಿ ಬಂದಿದ್ಲಾ?’ ಅಂತ ಕೇಳುತ್ತಾಳೆ. ಕತೆಯಲ್ಲಿ ಅವಳದು ಅದೊಂದೇ ಮಾತು.

ಜುಲೈ ಕೊನೆಯ ವಾರ ಇದನ್ನು ಓದಿದೆ. ಕರೆಂಟ್ ಹೋಗಿತ್ತು, ಟಾರ್ಚ್ ಹಿಡಿದುಕೊಂಡದ್ದು ಹಾವಿನ ಕತೆಯ ಹುಡುಗ. ಆ ಮಾತು ಬಂದಾಗ ಬೆಳಕು ಹಾಳೆಯಿಂದ ಸರಿದು ನೆಲಕ್ಕೆ ಬಿತ್ತು. ಅವನೂ ಕೇಳುತ್ತ ಮೈಮರೆತಿದ್ದ. ಮುಗಿದ ಮೇಲೆ ಮೀನು ಮಾರುವ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ‘ಚಲೋ ಅದೆ’ ಅಂದರು. ನಿಷೇಧ ಮುರಿದದ್ದಕ್ಕೆ ಯಾರೂ ನಗಲಿಲ್ಲ.

ಅಜ್ಜ ಎದ್ದು ಕೊಡೆ ಹುಡುಕಿದರು. ಮೆಟ್ಟಿಲು ಇಳಿದವರು ತಿರುಗಿ ನಿಂತರು.

‘ಹೊತ್ತು ಸರಿ ಆಯ್ತು ತಂಗೀ. ಆದ್ರೆ ಆ ಬುಟ್ಟಿ ಎಂತ ಆಯ್ತು?’

ಬುಟ್ಟಿಯನ್ನು ನಾನು ಹೊಳೆಯಲ್ಲೇ ಮರೆತು ಬಂದಿದ್ದೆ.