ಜೋಕುಮಾರನ ಬುಟ್ಟಿ ಹಿಂದೆ

ನಮ್ಮೂರು ಬಾದಾಮಿ ತಾಲ್ಲೂಕಿನಲ್ಲಿದೆ. ಇಲ್ಲಿ ಭಾದ್ರಪದದಲ್ಲಿ ಅಂಬಿಗರ ಹೆಂಗಸರು ಮಳೆ ತರುವ ದೇವರು ಜೋಕುಮಾರನ ಮೂರ್ತಿಯನ್ನು ಬುಟ್ಟಿಯಲ್ಲಿ ಹೊತ್ತು, ಮನೆ ಮನೆ ಮುಂದೆ ಹಾಡುತ್ತಾರೆ. ಆ ಹಾಡುಗಳನ್ನು ಬರೆದಿಡಬೇಕು ಅಂತ ನನಗೆ ಬಹಳ ದಿನದಿಂದ ಆಸೆ. ಮೊದಲ ಸಲ ಅಂಬಿಗೇರ ಓಣಿಯ ಅಜ್ಜಿಯೊಬ್ಬರನ್ನು ಮನೆಗೆ ಕರೆದು, ಚಹಾ ಕೊಟ್ಟು, ಮುಂದೆ ಮೊಬೈಲ್ ಇಟ್ಟು 'ಹಾಡ್ರಿ ಅಜ್ಜಿ' ಅಂದೆ. ನಾಲ್ಕು ಸಾಲಿಗೆ ನಿಂತುಬಿಟ್ಟರು. 'ಬುಟ್ಟಿ ತಲಿ ಮ್ಯಾಲೆ ಇರಬೇಕವ್ವ, ಸುಮ್ನೆ ಕುಂತ್ರ ಹಾಡು ಬರೂದಿಲ್ಲ' ಅಂದರು.

ಮುಂದಿನ ಭಾದ್ರಪದದಲ್ಲಿ ಅವರ ಹಿಂದೆಯೇ ಹೊರಟೆ. ಗಣೇಶ ಚೌತಿಯಾದ ನಾಲ್ಕು ದಿನಕ್ಕೆ, ಅಷ್ಟಮಿಯಂದು, ಜೋಕುಮಾರ ಹುಟ್ಟುತ್ತಾನೆ. ಮಣ್ಣಿನ ಮೂರ್ತಿ. ಅಗಲ ಕಣ್ಣು, ಹುರಿ ಮೀಸೆ, ತುಟಿಗೆ ಬೆಣ್ಣೆ, ಸುತ್ತಲೂ ಬೇವಿನ ಸೊಪ್ಪು. ಮನೆಯವರು ಮೊರದಲ್ಲಿ ಜೋಳ ತಂದು ಹಾಕುತ್ತಾರೆ. ತಿರುಗಿ ಅವರ ಮೊರಕ್ಕೆ ಬೇವಿನ ಸೊಪ್ಪು, ಒಂದಿಷ್ಟು ನುಚ್ಚು ಬೀಳುತ್ತದೆ. ಅದನ್ನು ಅಂಬಲಿಯಲ್ಲಿ ಕಲಸಿ ಹೊಲಕ್ಕೆ ಚರಗ, ಅಂದರೆ ಬೆಳೆಗೆ ಎಡೆಯಾಗಿ, ಚೆಲ್ಲುತ್ತಾರೆ.

ಎರಡನೇ ದಿನ ನನಗೊಂದು ವಿಷಯ ಹೊಳೆಯಿತು. ಯಾವ ಹಾಡು ಅನ್ನೋದನ್ನು ಬಾಗಿಲು ಹೇಳುತ್ತದೆ! ಅಂಗಳದಲ್ಲಿ ಎಮ್ಮೆ ಕಂಡರೆ ಹೈನಿನ ಹಾಡು. ಹೊಸ ಸೊಸೆ ಹೊಸ್ತಿಲಲ್ಲಿ ನಿಂತಿದ್ದರೆ ತೊಟ್ಟಿಲಿನ ಹಾಡು. ಮನೆಯಲ್ಲಿ ಕೂತಾಗ ನಾಲ್ಕು ಸಾಲಿಗೆ ನಿಂತ ಅಜ್ಜಿ, ಓಣಿಯಲ್ಲಿ ಒಂದು ಸಲವೂ ತಡವರಿಸಲಿಲ್ಲ. ಜೊತೆಗಿದ್ದ ಸಣ್ಣ ಹುಡುಗಿಯರು ಪ್ರತಿ ಸಾಲಿನ ಕೊನೆಗೆ ದನಿ ಕೂಡಿಸುತ್ತಿದ್ದರು. ಅವರಿಗೆ ಯಾರೂ ಕೂರಿಸಿ ಕಲಿಸಿದ್ದಿಲ್ಲ.

ಹಾಡಿನೊಳಗಿನ ಕತೆಯೂ ಹಾಗೆಯೇ, ಹೊತ್ತು ನೋಡಿಯೇ ಬರುತ್ತದೆ. ಗಣಪ ಕಡುಬು ಉಂಡು ಹೋಗಿ 'ಭೂಮಿ ಮೇಲೆ ಎಲ್ಲರೂ ಸುಖವಾಗಿದ್ದಾರೆ' ಅನ್ನುತ್ತಾನೆ. ಜೋಕುಮಾರ ಮಾತ್ರ ಕೇರಿ ಕೇರಿ ಅಲೆದು, ಒಣಗಿದ ಹೊಲ ಕಂಡು, ಮಳೆ ಇಲ್ಲ ಅಂತ ಶಿವನಿಗೆ ಹೇಳುತ್ತಾನೆ. ಇದನ್ನು ಹಾಡುವುದು ಹುಬ್ಬಿ, ಉತ್ತರಿ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರಿನ ಸುಮಾರಿಗೆ. ನಮ್ಮ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತೋದಕ್ಕೆ ಆಗಿನ ಹಸಿಯೇ ಆಧಾರ, ಅಲ್ವಾ? ಬರೀ ಮೊಬೈಲಿನಲ್ಲಿ ಕೇಳಿದ್ದರೆ ನಾನು ಇದನ್ನು ದೇವರ ಕತೆ ಅಂತ ಬರೆದು ಮುಗಿಸುತ್ತಿದ್ದೆ.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಹಾಡಿನ ಪಕ್ಕ, ಅದನ್ನು ಎಂಥ ಮನೆ ಮುಂದೆ ಹಾಡಿದರು, ಆ ದಿನ ಮೋಡ ಇತ್ತೋ ಬಿಸಿಲಿತ್ತೋ ಅಂತಲೂ ಬರೆಯುತ್ತೇನೆ. ಇನ್ನೊಂದು ಕೆಲಸ ಉಳಿದಿದೆ. ಜೋಕುಮಾರ ಅಗಸರ ಹುಡುಗಿಯ ಹಿಂದೆ ಬಿದ್ದು, ಅಗಸರ ಕೈಯಲ್ಲೇ ಸಾಯುತ್ತಾನೆ. ಹುಣ್ಣಿಮೆ ರಾತ್ರಿ ಮೂರ್ತಿಯನ್ನು ಒಡೆಯುವುದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಆಮೇಲೆ 3 ದಿನ ಅಗಸರು ಆ ಕಡೆ ಹೋಗುವುದಿಲ್ಲ. ಈ ಕತೆಯನ್ನು ನಾನು ಇಲ್ಲಿವರೆಗೆ ಬುಟ್ಟಿ ಹೊತ್ತವರ ಬಾಯಲ್ಲಷ್ಟೇ ಕೇಳಿದ್ದೇನೆ. ಈ ಸಲ ಅಗಸರ ಓಣಿಗೆ ಹೋಗುತ್ತೇನೆ.